ಕೆರೆಗೆ ಇಳಿಯುವ ಮುನ್ನ

"ಡಾಕ್ಟ್ರೇ, ನಿನ್ನೆಯಿಂದ ಜ್ವರ. ಮೈಕೈ ಎಲ್ಲ ನುಚ್ಚುನೂರಾದ ಹಾಗಿದೆ. ತಲೆ ಸಿಡಿಯುತ್ತಿದೆ" ಎನ್ನುತ್ತಾ ನಮ್ಮ ಬಡಾವಣೆಯ ನಿವೃತ್ತ ಮೇಷ್ಟರೊಬ್ಬರು ಹೋದ ವರ್ಷ ಮಳೆಗಾಲದ ಒಂದು ಬುಧವಾರ ಸಂಜೆ ನನ್ನ ಕ್ಲಿನಿಕ್ಕಿಗೆ ಬಂದರು. ವಯಸ್ಸು ಅರವತ್ತೆರಡು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದರೂ ಹತೋಟಿಯಲ್ಲಿಟ್ಟುಕೊಂಡವರು. ಹೊರಗೆ ಬೆಂಚಿನ ಮೇಲೆ ಇನ್ನೂ ಹನ್ನೆರಡು ಮಂದಿ ಕಾಯುತ್ತಿದ್ದರು. ಅವರಲ್ಲಿ ಎಂಟು ಮಂದಿಗೆ ಜ್ವರವೇ. ಡೆಂಗಿಯ ಕಾಲ. ನಾನು ನಾಡಿ ನೋಡಿದೆ, ಗಂಟಲು ನೋಡಿದೆ, ಡೆಂಗಿ ಪರೀಕ್ಷೆಗೆ ಚೀಟಿ ಬರೆದುಕೊಟ್ಟೆ, ಪ್ಯಾರಾಸಿಟಮಾಲ್ ಕೊಟ್ಟು "ಚೆನ್ನಾಗಿ ನೀರು ಕುಡಿಯಿರಿ ಮೇಷ್ಟ್ರೇ, ವೈರಲ್ ಇರಬೇಕು" ಎಂದು ಕಳುಹಿಸಿದೆ. ಡೆಂಗಿ ಇಲ್ಲವೆಂದು ವರದಿ ಬಂತು. ನನಗೂ ಸಮಾಧಾನ, ಅವರಿಗೂ ಸಮಾಧಾನ.

ಶನಿವಾರ ಅವರನ್ನು ಮಗ ಕೈಹಿಡಿದು ನಡೆಸಿಕೊಂಡು ಬಂದ. ಕಣ್ಣು ಹಳದಿ, ಜೊತೆಗೆ ಕೆಂಪು. ಕಾಲಿನ ಮೀನಖಂಡ ಮುಟ್ಟಿದರೆ "ಅಮ್ಮಾ" ಎನ್ನುತ್ತಿದ್ದರು. ಬೆಳಗಿನಿಂದ ಮೂತ್ರ ಒಂದು ಲೋಟದಷ್ಟೂ ಹೋಗಿರಲಿಲ್ಲ. ಆಗ ಅವರ ಮನೆಯವರು ಮೆಲ್ಲಗೆ ಹೇಳಿದರು: "ಹೋದ ವಾರದ ಹಿಂದಿನ ಭಾನುವಾರ ಕೆರೆ ಕೆಲಸಕ್ಕೆ ಇಳಿದಿದ್ದರಲ್ಲ ಡಾಕ್ಟ್ರೇ, ಅಂಗಾಲು ಕುಯ್ದುಕೊಂಡು ಬಂದಿದ್ದರು. ಅದರ ನಂಜೇನಾದರೂ ಇರಬಹುದಾ?"

ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ಆ ಭಾನುವಾರ ನಾನೂ ಕೆರೆಯ ಏರಿಯ ಮೇಲಿದ್ದೆ. ಶ್ರಮದಾನಕ್ಕೆ ಬಂದ ಅರವತ್ತು ಎಪ್ಪತ್ತು ಜನರ ಮುಂದೆ ನಿಂತು, ಕೆರೆ ಶುದ್ಧವಾದರೆ ಊರಿನ ಆರೋಗ್ಯ ಹೇಗೆ ಸುಧಾರಿಸುತ್ತದೆ ಎಂದು ಹತ್ತು ನಿಮಿಷ ಭಾಷಣ ಮಾಡಿ, ಚಪ್ಪಾಳೆ ಗಿಟ್ಟಿಸಿ, ಒಂಬತ್ತು ಗಂಟೆಗೆ ಕ್ಲಿನಿಕ್ಕಿಗೆ ಹೊರಟುಬಂದಿದ್ದೆ. ಬರಿಗಾಲಿನಲ್ಲಿ ಕೆಸರಿಗೆ ಇಳಿಯುತ್ತಿದ್ದವರನ್ನು ಕಣ್ಣಾರೆ ಕಂಡಿದ್ದೆ. "ಬೂಟು ಹಾಕಿಕೊಳ್ಳಿ" ಎಂಬ ಒಂದು ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಜ್ವರವೆಂದು ಬಂದಾಗ "ಕಳೆದ ಎರಡು ಮೂರು ವಾರಗಳಲ್ಲಿ ಎಲ್ಲಿಗೆ ಹೋಗಿದ್ದಿರಿ, ಯಾವ ನೀರಿಗೆ ಇಳಿದಿದ್ದಿರಿ?" ಎಂದು ಕೇಳುವ ಒಂದು ನಿಮಿಷವನ್ನೂ ನಾನು ಕೊಟ್ಟಿರಲಿಲ್ಲ.

ಅದು ಇಲಿಜ್ವರ. ಅಂದೇ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಮೂರು ಬಾರಿ ಡಯಾಲಿಸಿಸ್ ಆಯಿತು. ಹನ್ನೆರಡನೇ ದಿನ ಮೇಷ್ಟ್ರು ಮನೆಗೆ ಬಂದರು. ಮೂತ್ರಪಿಂಡಗಳು ಪೂರ್ತಿ ಚೇತರಿಸಿಕೊಂಡವು. ಆದರೆ ಅವರ ಮಗ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಸಾರ್, ಕೆರೆ ಉಳಿಸಲು ಹೋಗಿ ನಮ್ಮಪ್ಪನನ್ನು ಕಳೆದುಕೊಳ್ಳುತ್ತಿದ್ದೆವು. ಈ ಸಮಾಜಸೇವೆ ಇನ್ನು ಸಾಕು."

ಸಾಕೇ? ಈ ವಾರದ ಅಂಕಣ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ನಿಮ್ಮ ಮನೆಯ ಯಾರಾದರೂ ಭಾನುವಾರ ಬೆಳಿಗ್ಗೆ ಗುದ್ದಲಿ ಹಿಡಿದು ಕೆರೆಗೆ, ಕಲ್ಯಾಣಿಗೆ, ಗುಡ್ಡಕ್ಕೆ ಹೊರಡುವವರಿದ್ದರೆ ದಯವಿಟ್ಟು ಕೊನೆಯವರೆಗೆ ಓದಿ.

ಕೆರೆ ಕೆಟ್ಟರೆ ಕ್ಲಿನಿಕ್ ತುಂಬುತ್ತದೆ

ಬೆಂಗಳೂರಿನ ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಹಿರಿಯರು ಇಳಿಜಾರು ನೋಡಿ ಏರಿ ಕಟ್ಟಿ, ಒಂದು ಕೆರೆಯ ಕೋಡಿ ಹರಿದರೆ ಮುಂದಿನ ಕೆರೆಗೆ ನೀರು ಸೇರುವಂತೆ ಸರಪಳಿ ಮಾಡಿದರು. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಉಳಿದ ಕೆರೆಗಳಲ್ಲಿ ಅನೇಕಕ್ಕೆ ಮಳೆನೀರಿನ ಬದಲು ರಾಜಕಾಲುವೆಯಲ್ಲಿ ಚರಂಡಿ ನೀರು ಬಂದು ಸೇರತೊಡಗಿತು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ, 2015ರಲ್ಲಿ, 2017ರಲ್ಲಿ, ಮತ್ತೆ 2018ರ ಜನವರಿಯಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನೂ ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು.

ಇದಕ್ಕೂ ಆರೋಗ್ಯಕ್ಕೂ ಏನು ಸಂಬಂಧ? ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ಶೌಚದ ನೀರಿನಲ್ಲಿ ಸಾರಜನಕವಿದೆ. ಬಟ್ಟೆ ಒಗೆಯುವ ಪುಡಿಗಳಿಂದ ರಂಜಕವೂ ನೊರೆಯೂ ಸೇರುತ್ತದೆ. ಇವು ಹೊಲಕ್ಕೆ ಹಾಕುವ ಗೊಬ್ಬರವಿದ್ದಂತೆ. ಕೆರೆಗೆ ಬಿದ್ದರೆ ಪಾಚಿಯೂ ಜಲಕಳೆಯೂ ಹುಲುಸಾಗಿ ಬೆಳೆಯುತ್ತವೆ. ಕೊಳೆತ ಕಳೆಯನ್ನು ಜೀರ್ಣಿಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಬೆಳಗಿನ ಜಾವದ ಹೊತ್ತಿಗೆ ಮೀನುಗಳಿಗೆ ಉಸಿರು ಕಟ್ಟುತ್ತದೆ. ಸೊಳ್ಳೆಮರಿಗಳನ್ನು ತಿನ್ನುತ್ತಿದ್ದುದು ಮೀನು. ಆ ಮೀನು ಸತ್ತ ಮೇಲೆ ಸೊಳ್ಳೆಮರಿಗಳಿಗೆ ಅಂಕೆ ಇಲ್ಲ. ಅವು ನೀರಿನ ಮೇಲ್ಮೈಗೆ ಬಂದು ಕೊಳವೆಯ ಮೂಲಕ ಗಾಳಿ ಎಳೆದುಕೊಳ್ಳುವುದರಿಂದ ಆಮ್ಲಜನಕವಿಲ್ಲದ ಕೊಳಕು ನೀರಿನಲ್ಲೂ ಬದುಕುತ್ತವೆ. ಕೆರೆ ಕೆಟ್ಟ ಊರಿನಲ್ಲಿ ಸಂಜೆಯಾದರೆ ಕಿಟಕಿ ತೆರೆಯಲಾಗದು ಎಂಬುದರ ಒಳಗುಟ್ಟು ಇಷ್ಟೇ.

ಇನ್ನೊಂದು ಸಂಗತಿ ಕಣ್ಣಿಗೆ ಕಾಣುವುದಿಲ್ಲ. ಚರಂಡಿ ತುಂಬಿದ ಕೆರೆಯ ಆಸುಪಾಸಿನ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಅಂಶ ಹೆಚ್ಚಾಗಿರಬಹುದು. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಅಂಥ ನೀರಿನಲ್ಲಿ ಡಬ್ಬಿಹಾಲು ಕಲಸಿ ಕೊಟ್ಟರೆ ರಕ್ತದ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮಗು ನೀಲಿಗಟ್ಟುವ ಅಪಾಯವಿದೆ. ಎದೆಹಾಲು ಕುಡಿಯುವ ಮಗುವಿಗೆ ಈ ಭಯವಿಲ್ಲ. ಕೆರೆಯ ಪಕ್ಕದ ಬೋರ್‌ವೆಲ್ ನೀರು ಕುಡಿಯುವವರು ವರ್ಷಕ್ಕೊಮ್ಮೆ ಪ್ರಯೋಗಾಲಯದಲ್ಲಿ ನೀರಿನ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ನೆರೆಹೊರೆಯವರು ಮನಸ್ಸು ಮಾಡಿದರೆ

ಇದನ್ನೆಲ್ಲ ಸರಿಪಡಿಸುವುದು ಸರ್ಕಾರದ ಕೆಲಸವಲ್ಲವೇ ಎಂದು ನೀವು ಕೇಳಬಹುದು. ಹೌದು, ಸರ್ಕಾರದ ಕೆಲಸವೇ. ಚರಂಡಿಯನ್ನು ಬೇರೆ ಕಡೆಗೆ ತಿರುಗಿಸುವುದು, ಒತ್ತುವರಿ ತೆಗೆಯುವುದು, ಸಾವಿರಾರು ಲಾರಿ ಹೂಳು ಎತ್ತುವುದು ನಿಮ್ಮಿಂದ ನನ್ನಿಂದ ಆಗದು. ಆದರೆ ಆ ಕೆಲಸವನ್ನು ಮಾಡಿಸುವವರು ಬೇಕು, ಆದ ಮೇಲೆ ಕಾಯುವವರು ಬೇಕು. ಹಿಂದೆ ಹಳ್ಳಿಗಳಲ್ಲಿ ನೀರುಗಂಟಿ ಎಂಬುವನಿದ್ದ. ತೂಬು ತೆರೆಯುವುದು, ಮುಚ್ಚುವುದು, ಏರಿಯಲ್ಲಿ ಬಿರುಕು ಬಿಟ್ಟರೆ ಊರಿಗೆ ತಿಳಿಸುವುದು ಅವನ ಹೊಣೆ. ಈಗಿನ ಬಡಾವಣೆಗಳಲ್ಲಿ ಆ ಕೆಲಸವನ್ನು ಸ್ವಯಂಸೇವಕರು ಮಾಡುತ್ತಿದ್ದಾರೆ.

ಬೆಂಗಳೂರಿನ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಸುಮಾರು 13 ಎಕರೆಯ ಪುಟ್ಟ ಕೆರೆ. ಒಣಗಿ ಕಸ ಸುರಿಯುವ ಜಾಗವಾಗುತ್ತಿದ್ದುದನ್ನು ಕಂಡ ನೆರೆಹೊರೆಯವರು 2010ರಲ್ಲಿ ಒಂದು ಟ್ರಸ್ಟ್ ಕಟ್ಟಿಕೊಂಡರು. 2011ರಲ್ಲಿ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ನಿರ್ವಹಣೆಗೆ ನಿಂತರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಮರುಜೀವ ಪಡೆದದ್ದರ ಹಿಂದೆಯೂ ಪಾಲಿಕೆಯ ಜೊತೆ ಕೈಜೋಡಿಸಿದ ಸುತ್ತಲಿನ ನಿವಾಸಿಗಳಿದ್ದಾರೆ. ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ಚರಂಡಿ ನೀರು ಜೊಂಡು, ಆಪು ಬೆಳೆದ ಜೌಗು ಪ್ರದೇಶದ ಮೂಲಕ ಹಾದು, ಆ ಗಿಡಗಳಿಗೆ ತನ್ನ ಸಾರವನ್ನು ಬಿಟ್ಟುಕೊಟ್ಟು, ಬಳಿಕ ಕೆರೆ ಸೇರುವ ವ್ಯವಸ್ಥೆಯಿದೆ.

ಕೆರೆಯ ದಂಡೆ ಸರಿಯಾದರೆ ಮುಂಜಾನೆ ನಡೆಯಲು ಜಾಗ ಸಿಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನೂ ದಿನಕ್ಕೆ ಹತ್ತು ಮಂದಿಗೆ ಹೇಳುತ್ತೇನೆ. "ಎಲ್ಲಿ ನಡೆಯೋದು ಡಾಕ್ಟ್ರೇ, ಫುಟ್‌ಪಾತ್ ತುಂಬ ಬೈಕು" ಎಂದು ಅವರು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಕೆರೆಯ ಏರಿಯತ್ತ ಕೈ ತೋರಿಸುತ್ತೇನೆ. ನಿವೃತ್ತರಾಗಿ ಮನೆಯಲ್ಲಿ ಮಂಕಾಗಿ ಕುಳಿತಿದ್ದವರು ಕೆರೆ ಕೆಲಸಕ್ಕೆ ಬಂದ ಮೇಲೆ ನಿದ್ದೆ ಮಾತ್ರೆ ಕೇಳುವುದನ್ನು ಬಿಟ್ಟದ್ದನ್ನು ನನ್ನ ರೋಗಿಗಳಲ್ಲೇ ಕಂಡಿದ್ದೇನೆ.

ಆದ್ದರಿಂದ ಮೇಷ್ಟರ ಮಗನಿಗೆ ನಾನು ಕೊಟ್ಟ ಉತ್ತರ: ಶ್ರಮದಾನ ನಿಲ್ಲಬಾರದು, ಅಜಾಗರೂಕತೆ ನಿಲ್ಲಬೇಕು.

ಇಲಿಜ್ವರ ಎಂದರೇನು?

ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾದಿಂದ ಬರುವ ರೋಗವಿದು. ಇಲಿ, ಹೆಗ್ಗಣಗಳ ಮೂತ್ರದಲ್ಲಿ ಈ ರೋಗಾಣು ಇರುತ್ತದೆ. ನಾಯಿ, ಹಂದಿ, ದನಕರುಗಳ ಮೂತ್ರದಲ್ಲೂ ಇರಬಹುದು. ಮಳೆ ಬಂದಾಗ ಅದೆಲ್ಲ ತೊಳೆದುಕೊಂಡು ಹಳ್ಳ, ಕೆರೆ, ಗದ್ದೆ ಸೇರುತ್ತದೆ. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ರೋಗಾಣು ವಾರಗಟ್ಟಲೆ ಬದುಕಬಲ್ಲದು. ನಮ್ಮ ಚರ್ಮದ ಗಾಯ, ಬಿರುಕುಬಿಟ್ಟ ಹಿಮ್ಮಡಿ, ಕಣ್ಣು, ಮೂಗು, ಬಾಯಿಯ ಮೂಲಕ ಒಳಹೊಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಗದ್ದೆ ಕೆಲಸದವರಿಗೆ ಇದು ಹೊಸದಲ್ಲ. ಪಟ್ಟಣದವರು ಮಾತ್ರ ಇದು ನಮ್ಮ ರೋಗವಲ್ಲ ಎಂದುಕೊಂಡಿದ್ದಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆನೆಂದು ಒಪ್ಪಿಕೊಳ್ಳಬೇಕು.

ನೀರಿಗೆ ಇಳಿದ ಮರುದಿನವೇ ಜ್ವರ ಬರುವುದಿಲ್ಲ. ಸಾಮಾನ್ಯವಾಗಿ 5ರಿಂದ 14 ದಿನ ಹಿಡಿಯುತ್ತದೆ. ಕೆಲವೊಮ್ಮೆ ಒಂದು ತಿಂಗಳೂ ಆಗಬಹುದು. ಅಷ್ಟರಲ್ಲಿ ಕೆರೆಗೆ ಹೋಗಿದ್ದು ಮರೆತೇ ಹೋಗಿರುತ್ತದೆ. ಈ ಮರೆವೇ ದೊಡ್ಡ ಅಪಾಯ. ಮೇಷ್ಟರಿಗೆ ಜ್ವರ ಬಂದದ್ದು ಒಂಬತ್ತನೇ ದಿನ.

ಲಕ್ಷಣಗಳು ಹೀಗಿರುತ್ತವೆ. ಚಳಿಯೊಂದಿಗೆ ಇದ್ದಕ್ಕಿದ್ದಂತೆ ಜ್ವರ. ಜೋರಾದ ತಲೆನೋವು. ಮೈನೋವು, ಅದರಲ್ಲೂ ಮೀನಖಂಡ ಮತ್ತು ಸೊಂಟದಲ್ಲಿ. ಪಿಚ್ಚು ಇಲ್ಲದೆ ಕೆಂಪಾದ ಕಣ್ಣು. ಬಹುಪಾಲು ಮಂದಿಗೆ ಇಷ್ಟಕ್ಕೇ ಮುಗಿದು ಗುಣವಾಗುತ್ತದೆ. ಕೆಲವರಲ್ಲಿ ರೋಗ ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳಿಗೆ ಏರುತ್ತದೆ: ಕಾಮಾಲೆ, ಮೂತ್ರ ಕಡಿಮೆಯಾಗುವುದು, ಕಫದಲ್ಲಿ ರಕ್ತ, ಉಸಿರಾಟದ ತೊಂದರೆ. ಈ ಹಂತದಲ್ಲಿ ಒಂದು ಗಂಟೆಯನ್ನೂ ಮನೆಯಲ್ಲಿ ಕಳೆಯಬಾರದು.

ಸಮಾಧಾನದ ಸಂಗತಿಯೆಂದರೆ ಇದಕ್ಕೆ ಔಷಧಿಯಿದೆ. ಡಾಕ್ಸಿಸೈಕ್ಲಿನ್, ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್ ಮುಂತಾದ ಹಳೆಯ, ಸುಲಭವಾಗಿ ಸಿಗುವ ಔಷಧಿಗಳೇ ಸಾಕು. ಬೇಗ ಆರಂಭಿಸಬೇಕು ಅಷ್ಟೆ. ಮೊದಲ ವಾರದಲ್ಲಿ ರಕ್ತಪರೀಕ್ಷೆ ರೋಗವಿಲ್ಲವೆಂದೇ ತೋರಿಸಬಹುದು. ಹಾಗಾಗಿ ವೈದ್ಯರು ನಿಮ್ಮ ಮಾತನ್ನು ನಂಬಿ ಚಿಕಿತ್ಸೆ ಆರಂಭಿಸಬೇಕಾಗುತ್ತದೆ. ನಾನು ಕೇಳದಿದ್ದರೂ ನೀವು ಹೇಳಿ: "ಹತ್ತು ದಿನದ ಹಿಂದೆ ಕೆರೆಗೆ ಇಳಿದಿದ್ದೆ." ಈ ಒಂದು ವಾಕ್ಯ ಪ್ರಾಣ ಉಳಿಸಬಲ್ಲದು.

ಜ್ವರದಲ್ಲಿ ಮೈನೋವೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಬೇಡಿ, "ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ" ಎಂದು ಹಟ ಹಿಡಿಯಬೇಡಿ. ಇಲಿಜ್ವರವಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು, ಡೆಂಗಿಯಿದ್ದರೆ ರಕ್ತಸ್ರಾವದ ಭಯ. ಪ್ಯಾರಾಸಿಟಮಾಲ್ ಒಂದೇ ಸುರಕ್ಷಿತ, ಅದೂ ಅಳತೆ ಮೀರದಂತೆ.

"ಮುಂಚೆಯೇ ಮಾತ್ರೆ ತೆಗೆದುಕೊಂಡರೆ ಬರುವುದಿಲ್ಲವಂತೆ?" ಎಂದು ಕೆಲವರು ಕೇಳುತ್ತಾರೆ. 2018ರ ಕೇರಳ ಪ್ರವಾಹದಲ್ಲಿ ರಕ್ಷಣಾ ಕಾರ್ಯಕ್ಕೆ ಇಳಿದವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಟ್ಟದ್ದು ನಿಜ. ಅದು ನೆರೆಯಂಥ ದೊಡ್ಡ ಅಪಾಯದ ಸಂದರ್ಭ. ತಿಂಗಳಿಗೊಂದು ಶ್ರಮದಾನಕ್ಕೆ ಎಲ್ಲರೂ ಮಾತ್ರೆ ನುಂಗಬೇಕಿಲ್ಲ. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಆ ಮಾತ್ರೆ ಸಾಮಾನ್ಯವಾಗಿ ಕೊಡುವಂಥದ್ದಲ್ಲ. ವೈದ್ಯರನ್ನು ಕೇಳಿಯೇ ನಿರ್ಧರಿಸಿ. ಬೂಟಿಗಿಂತ ಒಳ್ಳೆಯ ಮಾತ್ರೆ ಇಲ್ಲ.

ಡೆಂಗಿ ಸೊಳ್ಳೆ ಕೆರೆಯಲ್ಲಿಲ್ಲ

ನಮ್ಮ ಕೆರೆಗೆ ನೀರು ತುಂಬಿದಾಗ ಎದುರು ಸಾಲಿನ ಮನೆಯವರು ತಕರಾರು ತೆಗೆದರು: "ಕೆರೆ ತುಂಬಿಸಿ ನಮಗೆ ಡೆಂಗಿ ಹಚ್ಚುತ್ತಿದ್ದೀರಿ." ಇದು ತಪ್ಪು ತಿಳಿವಳಿಕೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ, ಮನೆಯೊಳಗೆ ಮತ್ತು ಮನೆಯ ಸುತ್ತ ನಿಂತ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಹೂಕುಂಡದ ತಟ್ಟೆ, ಮುಚ್ಚಳವಿಲ್ಲದ ಡ್ರಮ್ಮು, ಹಳೆ ಟೈರು, ಎಳನೀರಿನ ಬುರುಡೆ, ಫ್ರಿಜ್ಜಿನ ಹಿಂದಿನ ತಟ್ಟೆ ಅದರ ತವರು. ಪಟ್ಟಣದಲ್ಲಿ ಮಲೇರಿಯಾ ಹರಡುವ ಸೊಳ್ಳೆ ಬಾವಿ, ಓವರ್‌ಹೆಡ್ ಟ್ಯಾಂಕ್‌ಗಳನ್ನು ಇಷ್ಟಪಡುತ್ತದೆ. ಚರಂಡಿ ನೀರಿನಲ್ಲಿ ಹುಟ್ಟಿ ರಾತ್ರಿ ಕಾಡುವ ಕ್ಯೂಲೆಕ್ಸ್ ಸೊಳ್ಳೆ ಬೇರೆ ಜಾತಿ. ಆನೆಕಾಲು ರೋಗ ಹರಡುವುದು ಅದು. ಮೀನಿರುವ, ಗಾಳಿಗೆ ಅಲೆಯೇಳುವ, ಅಂಚಿನಲ್ಲಿ ಕಳೆ ತೆಗೆದ ಕೆರೆ ಇವು ಯಾವುದಕ್ಕೂ ಒಳ್ಳೆಯ ತವರಲ್ಲ. ಕಳೆ ದಟ್ಟವಾಗಿ ಹಬ್ಬಿ ಮೀನು ನುಸುಳಲಾಗದಿದ್ದರೆ, ಚರಂಡಿ ಸೇರಿದರೆ ಮಾತ್ರ ಕೆರೆ ಸೊಳ್ಳೆಯ ಕಾರ್ಖಾನೆ.

2024ರಲ್ಲಿ ಡೆಂಗಿ ಎಷ್ಟು ಹೆಚ್ಚಾಯಿತೆಂದರೆ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಆ ವರ್ಷ ತಕರಾರು ತೆಗೆದ ಮನೆಗಳಿಗೆ ನಾನೂ ಮೂವರು ಸ್ವಯಂಸೇವಕರೂ ಹೋಗಿ ಟಾರ್ಚ್ ಬಿಟ್ಟು ನೋಡಿದೆವು. ಕೆರೆಯ ಅಂಚಿನಲ್ಲಿ ಈಡಿಸ್ ಮರಿಗಳು ಸಿಗಲಿಲ್ಲ. ಒಬ್ಬರ ಮನಿಪ್ಲಾಂಟಿನ ಬಾಟಲಿಯಲ್ಲಿ ಸಿಕ್ಕವು. ಈಡಿಸ್ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಪಾತ್ರೆಯ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು.

ಶ್ರಮದಾನಕ್ಕೆ ಹೊರಡುವವರಿಗೆ

ಮೇಷ್ಟರ ಪ್ರಸಂಗದ ನಂತರ ನಮ್ಮ ಗುಂಪಿಗೆ ಬರೆದುಕೊಟ್ಟ ಸೂಚನೆಗಳನ್ನೇ ಇಲ್ಲಿ ಕೊಡುತ್ತಿದ್ದೇನೆ. ಕತ್ತರಿಸಿ ಇಟ್ಟುಕೊಳ್ಳಿ.

1. ಮೊಣಕಾಲುದ್ದದ ರಬ್ಬರ್ ಬೂಟು, ದಪ್ಪ ಕೈಗವಸು ಇಲ್ಲದೆ ಕೆಸರಿಗೆ ಇಳಿಯಬೇಡಿ. ಹವಾಯಿ ಚಪ್ಪಲಿ ಬೂಟಲ್ಲ.

2. ಗಾಯ, ಒಡೆದ ಹಿಮ್ಮಡಿ, ಕಜ್ಜಿ ಇರುವವರು ನೀರಿಗೆ ಇಳಿಯದೆ ದಂಡೆಯ ಕೆಲಸ ಮಾಡಿ. ಗಾಯಕ್ಕೆ ನೀರು ಹೋಗದ ಪಟ್ಟಿ ಹಾಕಿಕೊಳ್ಳಿ.

3. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆ. ಗಾಜು ಹೊಕ್ಕರೂ ಗೊತ್ತಾಗುವುದಿಲ್ಲ. ಮನೆಗೆ ಬಂದ ತಕ್ಷಣ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಿ, ಇಲ್ಲವೇ ಮನೆಯವರಿಂದ ನೋಡಿಸಿ. ಬರಿಹೊಟ್ಟೆಯಲ್ಲಿ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಕೆಲಸಕ್ಕೆ ಬರಬೇಡಿ.

4. ಧನುರ್ವಾಯು ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ ಬೇಕು. ಮಣ್ಣು, ಸಗಣಿ, ತುಕ್ಕು ತಗುಲಿದ ಆಳವಾದ ಗಾಯವಾದರೆ, ಹಿಂದಿನ ಚುಚ್ಚುಮದ್ದಾಗಿ ಐದು ವರ್ಷ ಕಳೆದಿದ್ದರೂ ಮತ್ತೊಂದು ಬೇಕಾಗುತ್ತದೆ. ದಿನಾಂಕ ಬರೆದಿಟ್ಟುಕೊಳ್ಳಿ.

5. ಗಾಯವಾದರೆ ಅರಿಶಿನ, ಕಾಫಿಪುಡಿ ಮೆತ್ತಬೇಡಿ. ನಲ್ಲಿ ನೀರಿನ ಕೆಳಗೆ ಸೋಪು ಹಾಕಿ ಹತ್ತು ನಿಮಿಷ ತೊಳೆಯಿರಿ.

6. ಬೆಳಿಗ್ಗೆ ಆರಕ್ಕೆ ಆರಂಭಿಸಿ ಒಂಬತ್ತಕ್ಕೆ ಮುಗಿಸಿ. ಅರ್ಧ ಗಂಟೆಗೊಮ್ಮೆ ನೀರು, ಮಜ್ಜಿಗೆ, ನಿಂಬೆ ಪಾನಕ. ವರ್ಷವಿಡೀ ಕುರ್ಚಿಯಲ್ಲಿ ಕುಳಿತವರು ಒಂದೇ ದಿನ ಪಿಕಾಸಿ ಹಿಡಿದು ಶೌರ್ಯ ತೋರಿಸಬೇಡಿ. ಎದೆ ಬಿಗಿತ, ಎಡತೋಳಿನ ನೋವು, ತಣ್ಣನೆಯ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.

7. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡವನ್ನು ಬರಿಗೈಯಲ್ಲಿ ಕೀಳಬೇಡಿ. ಹೂ ಬಿಡುವ ಮೊದಲೇ ಕಿತ್ತರೆ ಒಳ್ಳೆಯದು. ಕೆಲವರಿಗೆ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ತುರಿಕೆ ಹುಣ್ಣಾಗಿ ವರ್ಷಗಟ್ಟಲೆ ಕಾಡುತ್ತದೆ. ಉಬ್ಬಸವಿರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಿ.

8. ಕಿತ್ತ ಕಳೆ, ಒಣ ಎಲೆ, ಪ್ಲಾಸ್ಟಿಕ್ಕಿಗೆ ಬೆಂಕಿ ಹಚ್ಚಬೇಡಿ. ಕೆರೆ ಶುದ್ಧ ಮಾಡಿ ಗಾಳಿ ಕೆಡಿಸಿದಂತಾಗುತ್ತದೆ. ಎಲೆ, ಕಳೆ ಗೊಬ್ಬರದ ಗುಂಡಿಗೆ. ಪ್ಲಾಸ್ಟಿಕ್ ಪಾಲಿಕೆಯ ಗಾಡಿಗೆ.

9. ಮ್ಯಾನ್‌ಹೋಲಿಗೆ, ಮುಚ್ಚಿದ ಚರಂಡಿಗೆ ಯಾರೂ ಇಳಿಯಬಾರದು, ಯಾರನ್ನೂ ಇಳಿಸಬಾರದು. ಅಲ್ಲಿನ ವಿಷಾನಿಲ ಎರಡು ಉಸಿರಿನಲ್ಲಿ ಪ್ರಜ್ಞೆ ತಪ್ಪಿಸುತ್ತದೆ. 2013ರ ಕಾಯ್ದೆಯ ಪ್ರಕಾರ ಹಾಗೆ ಇಳಿಸುವುದು ಅಪರಾಧ.

10. ಮಕ್ಕಳು ಬರಲಿ, ಆದರೆ ನೀರಿನಿಂದ ದೂರ. ಸಸಿ ನೆಡುವುದು, ಹಕ್ಕಿ ಎಣಿಸುವುದು, ಚೀಟಿ ಹಂಚುವುದು ಅವರ ಕೆಲಸ. ಹೂಳೆತ್ತಿದ ಕೆರೆಯ ಆಳ ಮೇಲಿನಿಂದ ತಿಳಿಯುವುದಿಲ್ಲ.

11. ಮನೆಗೆ ಬಂದೊಡನೆ ಸೋಪು ಹಚ್ಚಿ ಸ್ನಾನ. ಬಟ್ಟೆ ಬೇರೆಯಾಗಿ ಒಗೆಯಿರಿ. ಅದಕ್ಕೆ ಮೊದಲು ಏನನ್ನೂ ತಿನ್ನಬೇಡಿ.

ಹಾವು ಕಂಡರೆ, ಕಚ್ಚಿದರೆ

ಕೆರೆಯ ಕಳೆಯಲ್ಲಿ ಕಾಣುವ ನೀರೊಳ್ಳೆ ಹಾವಿಗೂ ಏರಿಯ ಮೇಲೆ ಸರಿದುಹೋಗುವ ಕೇರೆ ಹಾವಿಗೂ ವಿಷವಿಲ್ಲ. ಕೇರೆ ಇಲಿಗಳನ್ನು ತಿಂದು ಇಲಿಜ್ವರ ತಡೆಯುವ ಉಪಕಾರಿ. ಆದರೆ ಪೊದೆಯಲ್ಲಿ, ಕಲ್ಲಿನ ಸಂದಿಯಲ್ಲಿ ನಾಗರಹಾವು, ಕೊಳಕುಮಂಡಲ ಇರಬಹುದು. ಪೊದೆಗೆ ಕೈ ಹಾಕುವ ಮೊದಲು ಉದ್ದದ ಕೋಲಿನಿಂದ ಬಡಿಯಿರಿ. ಹಾವು ಕಂಡರೆ ಕೊಲ್ಲಲು ಹೋಗಬೇಡಿ. ಕಚ್ಚಿಸಿಕೊಳ್ಳುವವರಲ್ಲಿ ಅನೇಕರು ಹಾಗೆ ಹೋದವರೇ.

ಕಚ್ಚಿದರೆ ಕುಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಬೇಡ. ಉಂಗುರ, ಬಳೆ, ಕಾಲ್ಚೈನು ತೆಗೆಯಿರಿ. ಮುರಿದ ಮೂಳೆಗೆ ಮಾಡುವಂತೆ ಕಚ್ಚಿದ ಕೈ ಅಥವಾ ಕಾಲು ಅಲುಗದ ಹಾಗೆ ಪಟ್ಟಿಯ ಆಸರೆ ಕೊಡಿ. ನಡೆಸಬೇಡಿ. ಹಾವಿನ ವಿಷಕ್ಕೆ ಮದ್ದು ಇರುವ ಆಸ್ಪತ್ರೆಗೆ ನೇರವಾಗಿ ಒಯ್ಯಿರಿ. ನಿಮ್ಮ ಕೆರೆಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ನಾಟಿ, ಮಂತ್ರ ಎಂದು ಕಳೆದ ಅರ್ಧ ಗಂಟೆ ಮರಳಿ ಬರುವುದಿಲ್ಲ. ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸಾಯುತ್ತಾರೆಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಆದೇಶಿಸಿದೆ.

ಬೂಟು ಯಾರಿಗೆ?

ಒಂದು ಮಾತು ಹೇಳದೆ ಈ ಲೇಖನ ಮುಗಿಸಲಾರೆ. ನಾವು ತಿಂಗಳಿಗೊಮ್ಮೆ ಮೂರು ಗಂಟೆ ಕೆಸರಿಗೆ ಇಳಿದು ಫೋಟೋ ತೆಗೆಸಿಕೊಳ್ಳುತ್ತೇವೆ. ಪೌರಕಾರ್ಮಿಕರು, ಕಳೆ ತೆಗೆಯುವ ಕೂಲಿಯವರು ದಿನವೂ ಅಲ್ಲೇ ಇರುತ್ತಾರೆ. ಸ್ವಯಂಸೇವಕರಿಗೆಂದು ನಮ್ಮ ಗುಂಪು ನಲವತ್ತು ಜೊತೆ ಬೂಟು ಕೊಂಡ ದಿನ, ಕಳೆ ಕಿತ್ತು ಮಂಕರಿಯಲ್ಲಿ ಹೊರುತ್ತಿದ್ದ ಒಬ್ಬ ಹೆಣ್ಣುಮಗಳು ಕೇಳಿದಳು: "ಸಾಮಿ, ಅದು ನಮಗೂ ಐತಾ?" ಯಾರಿಗೂ ಉತ್ತರ ಹೊಳೆಯಲಿಲ್ಲ. ಮರುವಾರ ಇನ್ನೂ ಹದಿನೈದು ಜೊತೆ ಬಂತು. ನಿಮ್ಮ ಊರಿನಲ್ಲಿ ಬೂಟು ಕೊಳ್ಳುವಾಗ ಮೊದಲು ಅವರನ್ನು ಎಣಿಸಿ, ಆಮೇಲೆ ನಿಮ್ಮನ್ನು. ಗುತ್ತಿಗೆದಾರರು ಕೊಡಬೇಕಾದ ಬೂಟು, ಗವಸು, ಚುಚ್ಚುಮದ್ದು ಕೊಟ್ಟಿದ್ದಾರೆಯೇ ಎಂದು ಕೇಳುವುದೂ ಪರಿಸರ ಹೋರಾಟವೇ.

ಕೆಲಸ ಆರಂಭಿಸುವ ಮೊದಲು ಕೆರೆ ಯಾರ ವಶದಲ್ಲಿದೆ ಎಂದು ತಿಳಿದುಕೊಳ್ಳಿ: ಪಾಲಿಕೆಯೋ, ಸಣ್ಣ ನೀರಾವರಿ ಇಲಾಖೆಯೋ, ಗ್ರಾಮ ಪಂಚಾಯಿತಿಯೋ. ಅವರ ಒಪ್ಪಿಗೆ ಪಡೆದು ಮಾಡಿದ ಕೆಲಸ ನಿಲ್ಲುತ್ತದೆ. ಎಲ್ಲಕ್ಕಿಂತ ಮೊದಲು ಚರಂಡಿ ಎಲ್ಲಿಂದ ಸೇರುತ್ತಿದೆ ಎಂದು ಹುಡುಕಿ, ಅರ್ಜಿ ಹಾಕಿ, ಬೆನ್ನುಹತ್ತಿ. ಮೇಲಿನಿಂದ ಚರಂಡಿ ಹರಿಯುತ್ತಿರುವಾಗ ಕೆಳಗೆ ಕಳೆ ಕೀಳುವುದು, ನಲ್ಲಿ ತಿರುಗಿಸದೆ ನೆಲ ಒರೆಸಿದಂತೆ. ಅರ್ಜಿ ಬರೆಯಲು ಬೂಟು ಬೇಡ. ವಯಸ್ಸಾದವರು, ಕಾಯಿಲೆಯವರು ಈ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡಬಹುದು.

ಆಸ್ಪತ್ರೆಯಿಂದ ಬಂದ ಎರಡು ತಿಂಗಳಿಗೆ ಮೇಷ್ಟ್ರು ಕ್ಲಿನಿಕ್ಕಿಗೆ ಬಂದರು. ರಕ್ತಪರೀಕ್ಷೆಯೆಲ್ಲ ಸರಿಯಿತ್ತು. ಎದ್ದುಹೋಗುವಾಗ ಬಾಗಿಲಲ್ಲಿ ನಿಂತು, "ಡಾಕ್ಟ್ರೇ, ಮುಂದಿನ ಭಾನುವಾರ ನಾನು ಬರಬಹುದಾ?" ಎಂದು ಕೇಳಿದರು. ಹೊರಗೆ ನಿಂತಿದ್ದ ಮಗನ ಮುಖ ನೋಡಿದೆ. ಅವನು ಏನೂ ಹೇಳಲಿಲ್ಲ.

"ಬನ್ನಿ ಮೇಷ್ಟ್ರೇ, ಆದರೆ ನೀರಿಗಲ್ಲ, ಏರಿಗೆ" ಎಂದೆ.

ಈಗ ಪ್ರತಿ ಶ್ರಮದಾನದಂದು ಅವರು ಏರಿಯ ಮೇಲಿನ ಹೊಂಗೆಮರದ ಕೆಳಗೆ ಕುರ್ಚಿ ಹಾಕಿಕೊಂಡು ಹಾಜರಿ ಪುಸ್ತಕ ಹಿಡಿದು ಕೂರುತ್ತಾರೆ. ಹೆಸರು, ಫೋನ್ ನಂಬರು, ಧನುರ್ವಾಯು ಚುಚ್ಚುಮದ್ದಿನ ತಾರೀಖು ಬರೆದ ಮೇಲೆಯೇ ಬೂಟು ಕೊಡುವುದು. ಬೂಟಿಲ್ಲದವರು ನೀರಿಗಿಳಿಯಲು ಅವರು ಬಿಡುವುದಿಲ್ಲ, ಶಾಲೆಯಲ್ಲಿ ಹೋಂವರ್ಕ್ ತಾರದ ಹುಡುಗರನ್ನು ಬಿಡದಿದ್ದ ಹಾಗೆ. ಎಂಟನೇ ದಿನ ಒಮ್ಮೆ, ಹದಿನೈದನೇ ದಿನ ಮತ್ತೊಮ್ಮೆ ಪುಸ್ತಕ ತೆರೆದು ಎಲ್ಲರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ: "ಜ್ವರ ಗಿರ ಏನಾದರೂ ಇದೆಯೇನಪ್ಪಾ?"

ಇದುವರೆಗೆ ಇಬ್ಬರು "ಹೌದು ಮೇಷ್ಟ್ರೇ" ಎಂದಿದ್ದಾರೆ. ಇಬ್ಬರನ್ನೂ ಅವರೇ ಅದೇ ದಿನ ನನ್ನ ಬಳಿಗೆ ಕಳುಹಿಸಿದರು. ಒಬ್ಬರಿಗೆ ಇಲಿಜ್ವರವೇ ಇತ್ತು. ಮಾತ್ರೆಯಲ್ಲೇ ಗುಣವಾಯಿತು, ಆಸ್ಪತ್ರೆ ಸೇರಬೇಕಾಗಲಿಲ್ಲ.

ನಿಮ್ಮ ಊರಿನ ಕೆರೆಗೂ ಅಂಥದೊಂದು ಪುಸ್ತಕವಿರಲಿ.